ಶಿಟ್ಜುನಾ, ಕ್ಯಾವಲಿಯರಾ? ನಮ್ಮಂಥ ಮನೆಗೆ ಯಾವುದು ಸರಿ?

ಹಂಚಿನಮನೆ:

ಸಣ್ಣ ಜಾತಿಯ ನಾಯಿಯೊಂದನ್ನು ತರೋಣ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿಯಾಗಿದೆ. ಜಗ್ಗಾಟ ಇರುವುದು ಎರಡರ ನಡುವೆ: ಶಿಟ್ಜು ಮತ್ತು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್. ತೂಕ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಎರಡೂ ಮಡಿಲು ಬಿಡದ ಜಾತಿ, ಎರಡನ್ನೂ "ಮಕ್ಕಳಿರುವ ಮನೆಗೆ ಒಳ್ಳೆಯದು" ಅಂತಲೇ ಬರೆದಿರುತ್ತಾರೆ. ಓದಿದಷ್ಟೂ ಗೊಂದಲ ಹೆಚ್ಚಾಗಿದೆ.

ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇದೆ. ಮಗನಿಗೆ 9 ವರ್ಷ, ಮಗಳಿಗೆ 4. ಅತ್ತೆಯವರು ಹಗಲೆಲ್ಲ ಮನೆಯಲ್ಲಿರುತ್ತಾರೆ. ನಡೆದಾಡುತ್ತಾರೆ, ಆದರೆ ಬಗ್ಗಿ ಏಳುವುದು ಕಷ್ಟ. ನಾವಿಬ್ಬರೂ ಕೆಲಸಕ್ಕೆ ಹೋಗುವವರು. ಮಗನಿಗೆ ಧೂಳಾದರೆ ಸೀನು ಹತ್ತುತ್ತದೆ. ನಾಯಿ ಸಾಕಿದವರು ನಮ್ಮಲ್ಲಿ ಯಾರೂ ಇಲ್ಲ.

ಕೇಳಬೇಕಾದ್ದು ಇಷ್ಟು: ಕೂದಲಿನ ಕೆಲಸ ನಿಜವಾಗಿ ಎಷ್ಟು? 4 ವರ್ಷದ ಮಗುವಿನ ಜೊತೆ ಯಾವುದು ಕ್ಷೇಮ? ಕ್ಯಾವಲಿಯರ್‌ಗೆ ಹೃದಯದ ಕಾಯಿಲೆ ಗ್ಯಾರಂಟಿ ಅನ್ನುತ್ತಾರಲ್ಲ, ಅದು ಎಷ್ಟರ ಮಟ್ಟಿಗೆ ನಿಜ? "ಎರಡೂ ಮುದ್ದು, ಯಾವುದಾದರೂ ತನ್ನಿ" ಅನ್ನುವ ಉತ್ತರ ದಯವಿಟ್ಟು ಬೇಡ.

ಉಕ್ಕಿನ ಬಾಚಣಿಗೆ:

ಸ್ವಭಾವ ತೂಗಿ ಆರಿಸಲು ಹೋದರೆ ತೀರ್ಮಾನ ಆಗುವುದೇ ಇಲ್ಲ. ದಿನದ ಕೆಲಸ ಯಾರ ಕೈಗೆ ಬೀಳುತ್ತದೆ ಅಂತ ನೋಡಿ. ಕೂದಲಿನ ವಿಚಾರ ನಾನು ಹೇಳುತ್ತೇನೆ, ಕಾಯಿಲೆ ಬಗ್ಗೆ ಬಲ್ಲವರು ಹೇಳಲಿ.

ಶಿಟ್ಜುವಿಗೆ ಎರಡು ಪದರದ ಕೂದಲು. ನಮ್ಮ ತಲೆಗೂದಲಿನ ಹಾಗೆ ಬೆಳೆಯುತ್ತಲೇ ಹೋಗುತ್ತದೆ. ಉದುರಿದ ಕೂದಲು ನೆಲಕ್ಕೆ ಬೀಳದೆ ಒಳಪದರದಲ್ಲೇ ಸಿಕ್ಕಿಕೊಳ್ಳುತ್ತದೆ. "ಶಿಟ್ಜು ಕೂದಲು ಉದುರಿಸುವುದಿಲ್ಲ" ಅನ್ನುವ ಮಾತಿನ ಒಳಗುಟ್ಟು ಇಷ್ಟೇ: ಉದುರುತ್ತದೆ, ಆದರೆ ಮೈಮೇಲೇ ಉಳಿದು ಗಂಟಾಗುತ್ತದೆ. ಉದ್ದ ಕೂದಲು ಬಿಟ್ಟರೆ ದಿನಾ 15–20 ನಿಮಿಷ ಬಾಚಬೇಕು. ಒಂದಂಗುಲದೊಳಗೆ ಕತ್ತರಿಸಿ ಇಟ್ಟರೆ ವಾರಕ್ಕೆ ಮೂರು ನಾಲ್ಕು ಸಲ, ಹತ್ತು ಹತ್ತು ನಿಮಿಷ ಸಾಕು. ಜೊತೆಗೆ 4ರಿಂದ 8 ವಾರಕ್ಕೊಮ್ಮೆ ಕಟಿಂಗ್. ನಾಯಿ ಪ್ರದರ್ಶನಕ್ಕೆ ಒಯ್ಯುವ ಯೋಚನೆ ಇಲ್ಲದಿದ್ದರೆ ಉದ್ದ ಕೂದಲಿನ ಆಸೆಯನ್ನು ಇವತ್ತೇ ಬಿಟ್ಟುಬಿಡಿ.

ಹೊಸಬರು ತಪ್ಪುವುದು ಬಾಚುವ ರೀತಿಯಲ್ಲಿ. ಮೇಲಿಂದ ಬ್ರಷ್ ಆಡಿಸಿದರೆ ಹೊರಗೆ ರೇಷ್ಮೆ, ಬುಡದಲ್ಲಿ ಜಮಖಾನ. ಮೊದಲು ನೀರಿಗೆ ಸ್ವಲ್ಪ ಕಂಡಿಷನರ್ ಬೆರೆಸಿ ಸಿಂಪಡಿಸಿ. ಒಣಗಿದ ಕೂದಲು ಬಾಚಿದರೆ ತುಂಡಾಗುತ್ತದೆ. ಪಾದದಿಂದ ಶುರು ಮಾಡಿ ಮೇಲಕ್ಕೆ ಹೋಗಿ. ಒಂದು ಕೈಯಲ್ಲಿ ಮೇಲಿನ ಕೂದಲನ್ನು ಎತ್ತಿ ಹಿಡಿದು, ಚರ್ಮ ಕಾಣುವ ಹಾಗೆ ಬೈತಲೆ ತೆಗೆದು, ಒಂದೊಂದೇ ಸಾಲು ಕೆಳಕ್ಕೆ ಬಿಡುತ್ತಾ ಪಿನ್ ಬ್ರಷ್‌ನಲ್ಲಿ (ಲೋಹದ ಕಡ್ಡಿಗಳ ಬ್ರಷ್) ಬಾಚಿ. ಕೊನೆಗೆ ಉಕ್ಕಿನ ಬಾಚಣಿಗೆ ಬುಡದಿಂದ ತುದಿಯವರೆಗೆ ತಡೆಯಿಲ್ಲದೆ ಹೋಗಬೇಕು. ಎಲ್ಲಿ ನಿಂತಿತೋ ಅಲ್ಲಿ ಗಂಟಿದೆ. ಕಿವಿಯ ಹಿಂದೆ, ಕಂಕುಳು, ತೊಡೆಸಂದು, ಹಾರ್ನೆಸ್ (ಕೊರಳಪಟ್ಟಿಯ ಬದಲು ಎದೆಗೆ ತೊಡಿಸುವುದು) ಪಟ್ಟಿ ಉಜ್ಜುವ ಜಾಗ, ಇವು ಮೊದಲು ಗಂಟಾಗುತ್ತವೆ. ಮನೆಯೊಳಗೆ ಹಾರ್ನೆಸ್ ಬಿಚ್ಚಿಡಿ.

ಗಂಟಿನ ಅಡಿಗೆ ಕತ್ತರಿ ತೂರಿಸಿ ಅಡ್ಡಕ್ಕೆ ಕತ್ತರಿಸಬೇಡಿ. ಚರ್ಮ ಗಂಟಿನ ಜೊತೆ ಮೇಲೆದ್ದಿರುತ್ತದೆ, ಸೀಳಿಹೋಗುತ್ತದೆ. ಬುಡವನ್ನು ಬೆರಳಲ್ಲಿ ಹಿಡಿದು, ಗಂಟನ್ನು ಉದ್ದಕ್ಕೆ ಎರಡು ಮೂರು ಸೀಳು ಮಾಡಿ, ತುದಿಯಿಂದ ಬಿಡಿಸುತ್ತಾ ಬನ್ನಿ. ಬಿಡದಿದ್ದರೆ ಮೆಷಿನ್ನಿನಲ್ಲಿ ಬೋಳಿಸುವುದೇ ದಯೆ. ಸ್ನಾನಕ್ಕೆ ಮುಂಚೆ ಬಾಚಲೇಬೇಕು, ಗಂಟಿಗೆ ನೀರು ಬಿದ್ದು ಒಣಗಿದರೆ ಇನ್ನೂ ಬಿಗಿಯಾಗುತ್ತದೆ. ಒಣಗಿಸುವಾಗ ಬುಡದವರೆಗೆ ಒಣಗಿಸಿ.

ಇನ್ನೊಂದು ಮಾತು: 9–12 ತಿಂಗಳ ಹೊತ್ತಿಗೆ ಮರಿಗೂದಲು ಹೋಗಿ ದೊಡ್ಡ ಕೂದಲು ಬರುವಾಗ, ಮೊನ್ನೆಯವರೆಗೆ ಸುಲಭವಾಗಿದ್ದ ನಾಯಿ ದಿನದೊಪ್ಪತ್ತಿನಲ್ಲಿ ಗಂಟಾಗುತ್ತದೆ. ಕೆಲವು ವಾರಗಳ ಕಾಟ. ಅಷ್ಟರೊಳಗೆ ಬಾಚಿಸಿಕೊಳ್ಳುವ ಅಭ್ಯಾಸ ಆಗಿರದಿದ್ದರೆ ಆಮೇಲೆ ಕಲಿಸುವುದು ತುಂಬಾ ಕಷ್ಟ.

ಕ್ಯಾವಲಿಯರ್ ಕೂದಲು ಒಂದು ಅಳತೆಗೆ ಬೆಳೆದು ನಿಲ್ಲುತ್ತದೆ, ಕಟಿಂಗ್ ಬೇಕಿಲ್ಲ. ವಾರಕ್ಕೆ ಮೂರು ಸಲ ಕಿವಿಯ ಜಾಲರು, ಎದೆ, ಕಾಲಿನ ಹಿಂದಿನ ಕುಚ್ಚು, ಬಾಲ ಬಾಚಿದರೆ ಆಯಿತು. ಅಂಗಾಲಿನ ಬೆರಳ ಸಂದಿನ ಕೂದಲನ್ನು ಮಾತ್ರ ಕತ್ತರಿಸಿ, ಇಲ್ಲದಿದ್ದರೆ ನುಣುಪು ನೆಲದಲ್ಲಿ ಜಾರುತ್ತದೆ. ಊಟದ ಬಟ್ಟಲು ಬಾಯಿ ಕಿರಿದಾಗಿ ಆಳ ಇರಲಿ, ಕಿವಿ ಹೊರಗೆ ಬೀಳುತ್ತದೆ. ಆದರೆ ಇದು ವರ್ಷವಿಡೀ ಉದುರಿಸುತ್ತದೆ. ಸೋಫಾ, ಕಪ್ಪು ಪ್ಯಾಂಟು, ಹಾಸಿಗೆ, ಎಲ್ಲ ಕಡೆ. ಸಂತಾನಹರಣ ಶಸ್ತ್ರಚಿಕಿತ್ಸೆ ಆದಮೇಲೆ ಹಲವು ಕ್ಯಾವಲಿಯರ್‌ಗಳ ಕೂದಲು ಉಣ್ಣೆಯಂತೆ ದಟ್ಟವಾಗುತ್ತದೆ, ಆಗ ಬಾಚುವ ಕೆಲಸವೂ ಹೆಚ್ಚುತ್ತದೆ. ಇದನ್ನು ಮರಿ ಕೊಡುವವರು ಹೇಳುವುದಿಲ್ಲ.

ಎಡಕವಾಟ:

ಹೃದಯದ ಪ್ರಶ್ನೆಗೆ ನೇರ ಉತ್ತರ: ಹೌದು, ಬಹುಮಟ್ಟಿಗೆ ನಿಜ. ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚದೆ, ರಕ್ತ ಹಿಂದಕ್ಕೆ ಸೋರುತ್ತದೆ. ವಯಸ್ಸಾದ ಸಣ್ಣ ನಾಯಿಗಳಲ್ಲಿ ಇದು ಎಲ್ಲ ಜಾತಿಯಲ್ಲೂ ಉಂಟು, ಶಿಟ್ಜುವಿನಲ್ಲೂ ಉಂಟು. ಕ್ಯಾವಲಿಯರ್‌ನಲ್ಲಿ ಬೇಗ ಬರುತ್ತದೆ: ಐದಾರು ವರ್ಷಕ್ಕೆ ಸುಮಾರು ಅರ್ಧದಷ್ಟು ನಾಯಿಗಳಲ್ಲಿ ಮರ್ಮರ್ (ಸೋರುವ ರಕ್ತದ ಸದ್ದು, ಸ್ಟೆತಾಸ್ಕೋಪಿನಲ್ಲಿ ಗೊತ್ತಾಗುತ್ತದೆ) ಕೇಳಿಸುತ್ತದೆ, ಹತ್ತು ದಾಟಿದರೆ ಹೆಚ್ಚುಕಡಿಮೆ ಎಲ್ಲದರಲ್ಲೂ.

ಮರ್ಮರ್ ಕೇಳಿಸಿತು ಅಂದಮಾತ್ರಕ್ಕೆ ನಾಯಿ ಸಾಯುವುದಿಲ್ಲ. ವರ್ಷಗಟ್ಟಲೆ ಚೆನ್ನಾಗಿ ಓಡಾಡಿಕೊಂಡಿರುವವು ಎಷ್ಟೋ. ನೋಡಬೇಕಾದ್ದು ಹೃದಯ ಹಿಗ್ಗಿದೆಯೇ ಅನ್ನುವುದನ್ನು. ಅದು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ತಿಳಿಯುತ್ತದೆ. ಹಿಗ್ಗಿದ್ದು ಇನ್ನೂ ಲಕ್ಷಣ ಕಾಣಿಸದ ಹಂತದಲ್ಲೇ ಪಿಮೋಬೆಂಡನ್ ಅನ್ನುವ ಹೃದಯದ ಮಾತ್ರೆ ಶುರು ಮಾಡಿದರೆ ಹೃದಯ ವೈಫಲ್ಯ ಸರಾಸರಿ 15 ತಿಂಗಳಷ್ಟು ಮುಂದಕ್ಕೆ ಹೋಗುತ್ತದೆ ಅಂತ 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ತೋರಿಸಿತು. ಹಿಗ್ಗದ ಹೃದಯಕ್ಕೆ ಆ ಮಾತ್ರೆ ಬೇಡ. ಹಾಗಾಗಿ ಕ್ಯಾವಲಿಯರ್ ತಂದರೆ ವರ್ಷಕ್ಕೊಮ್ಮೆ ಸ್ಟೆತಾಸ್ಕೋಪ್, ಮರ್ಮರ್ ಸಿಕ್ಕ ದಿನದಿಂದ ಎಕೋ, ಈ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ, ಯಾವ ಯಂತ್ರವೂ ಬೇಡ. ನಾಯಿ ಗಾಢ ನಿದ್ದೆಯಲ್ಲಿರುವಾಗ ಎದೆ ಏರಿ ಇಳಿಯುವುದನ್ನು ಒಂದು ಉಸಿರು ಅಂತ ಎಣಿಸಿ. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗಿರಬೇಕು. ಕನಸಿನಲ್ಲಿ ಕಾಲಾಡಿಸುತ್ತಿದ್ದರೆ ಎಣಿಸಬೇಡಿ, ತಪ್ಪು ಬರುತ್ತದೆ. ಮರ್ಮರ್ ಇರುವ ನಾಯಿಯಲ್ಲಿ ಎರಡು ಮೂರು ಸಲ ಎಣಿಸಿದರೂ 30 ದಾಟುತ್ತಿದ್ದರೆ ವೈದ್ಯರಿಗೆ ಫೋನ್ ಮಾಡಿ. 40 ದಾಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಕೆಮ್ಮಿಗಿಂತ ಇದು ಒಳ್ಳೆಯ ಸೂಚಕ, ಏಕೆಂದರೆ ಹಿಗ್ಗಿದ ಹೃದಯ ಶ್ವಾಸನಾಳವನ್ನು ಒತ್ತಿಯೂ ಕೆಮ್ಮು ಬರುತ್ತದೆ.

ನನ್ನ ಪ್ರಕಾರ ಹೃದಯಕ್ಕಿಂತ ಕ್ರೂರವಾದದ್ದು ಸಿರಿಂಗೋಮೈಲಿಯಾ. ತಲೆಬುರುಡೆಯ ಹಿಂಭಾಗ ಮೆದುಳಿಗೆ ಇಕ್ಕಟ್ಟಾಗಿ, ಬೆನ್ನುಹುರಿಯ ಸುತ್ತ ದ್ರವದ ಹರಿವು ಕೆಟ್ಟು, ಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳಾಗುತ್ತವೆ. ಎತ್ತಿಕೊಂಡಾಗ ಚೀರುವುದು, ನಡೆಯುತ್ತಲೇ ಕುತ್ತಿಗೆಯ ಪಕ್ಕ ಗಾಳಿಯಲ್ಲಿ ಕೆರೆದುಕೊಳ್ಳುವುದು (ಕಾಲು ಮೈಗೆ ತಾಗುವುದೇ ಇಲ್ಲ), ಕೊರಳಪಟ್ಟಿ ಹಾಕಿಸಿಕೊಳ್ಳಲು ಹಿಂಜರಿಯುವುದು ಲಕ್ಷಣಗಳು. ಖಚಿತವಾಗುವುದು ಎಂಆರ್‌ಐನಲ್ಲಿ ಮಾತ್ರ. ಇದೇ ಕಾರಣಕ್ಕೆ ಕ್ಯಾವಲಿಯರ್‌ಗೆ ಕೊರಳಪಟ್ಟಿಗೆ ಹಗ್ಗ ಕಟ್ಟಬಾರದು, ಹಾರ್ನೆಸ್ ಹಾಕಬೇಕು.

ಮರಿ ಕೊಡುವವರನ್ನು ಕೇಳಬೇಕಾದ್ದು: ತಾಯಿ ತಂದೆ ಎರಡಕ್ಕೂ ಎರಡೂವರೆ ವರ್ಷ ದಾಟಿದೆಯೇ, ಹೃದ್ರೋಗ ತಜ್ಞರು ಕಳೆದ ಒಂದು ವರ್ಷದೊಳಗೆ ಪರೀಕ್ಷಿಸಿದ ಕಾಗದ ಇದೆಯೇ, ಅವುಗಳ ತಾಯಿ ತಂದೆ ಐದನೇ ವರ್ಷದಲ್ಲಿ ಮರ್ಮರ್ ಇಲ್ಲದೆ ಇದ್ದವೇ, ಎಂಆರ್‌ಐ ಆಗಿದೆಯೇ. ಜೊತೆಗೆ ಎರಡು ಡಿಎನ್‌ಎ ಪರೀಕ್ಷೆ: ಎಪಿಸೋಡಿಕ್ ಫಾಲಿಂಗ್ (ಆಗಾಗ ಸ್ನಾಯು ಬಿಗಿದು ನಾಯಿ ಬೀಳುವ ಕಾಯಿಲೆ) ಮತ್ತು ಒಣಗಣ್ಣು–ಗುಂಗುರುಗೂದಲು. ಇವೆರಡೂ ಎರಡೂ ಕಡೆಯಿಂದ ದೋಷ ಬಂದರೆ ಮಾತ್ರ ಕಾಣಿಸುವಂಥವು; ವಾಹಕ ನಾಯಿಗೆ (ಒಂದೇ ಕಡೆಯಿಂದ ದೋಷ ಬಂದದ್ದು) ದೋಷವಿಲ್ಲದ ನಾಯಿ ಕೂಡಿಸಿದರೆ ಮರಿಗಳಿಗೆ ಕಾಯಿಲೆ ಬಾರದು, ಎರಡೂ ವಾಹಕವಾದರೆ ಪ್ರತಿ ಮರಿಗೂ 25% ಸಾಧ್ಯತೆ. "ನಮ್ಮ ವೆಟ್ ನೋಡಿ ಆರೋಗ್ಯವಾಗಿದೆ ಅಂದಿದ್ದಾರೆ" ಅನ್ನುವುದು ಉತ್ತರವಲ್ಲ. ಎಂಟು ವಾರದ ಮರಿಯ ಹೃದಯ ಯಾವತ್ತೂ ಚೆನ್ನಾಗಿಯೇ ಕೇಳಿಸುತ್ತದೆ.

2023ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್, ಈ ಜಾತಿಯನ್ನು ಈಗಿನ ರೀತಿಯಲ್ಲಿ ತಳಿ ಬೆಳೆಸುವುದು ಅಲ್ಲಿನ ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಕಾಗದ ತೋರಿಸದವರಿಂದ ಕ್ಯಾವಲಿಯರ್ ಬೇಡ. ಈ ಮಾತಿನಲ್ಲಿ ರಿಯಾಯಿತಿ ಇಲ್ಲ.

ಒಂದು ಪಕ್ಕದ ಮಾತು: ಆರೋಗ್ಯವಾಗಿರುವ ಹಲವು ಕ್ಯಾವಲಿಯರ್‌ಗಳಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಹುಟ್ಟಿನಿಂದಲೇ ದೊಡ್ಡದಾಗಿ, ಸಂಖ್ಯೆ ಕಡಿಮೆ ಇರುತ್ತದೆ. ಯಂತ್ರ ಅವನ್ನು ಸರಿಯಾಗಿ ಎಣಿಸದೆ ಗಾಬರಿ ಹುಟ್ಟಿಸುವ ರಿಪೋರ್ಟ್ ಕೊಡುತ್ತದೆ. ಆಪರೇಷನ್‌ಗೆ ಮುಂಚೆ ಹೀಗಾದರೆ ಸ್ಲೈಡ್ ಮಾಡಿ ಸೂಕ್ಷ್ಮದರ್ಶಕದಲ್ಲಿ ನೋಡಲು ಹೇಳಿ.

ಕೂತ್ಕೋ_ಇರು:

ಮೇಲಿನವರ ಮಾತು ಓದಿದರೆ ಶಿಟ್ಜು ಅಂದರೆ ಬರೀ ಬಾಚಣಿಗೆ ಕೆಲಸ, ಕಾಯಿಲೆಯೆಲ್ಲ ಕ್ಯಾವಲಿಯರ್‌ಗೆ ಅನ್ನುವ ಹಾಗಿದೆ. ಹಾಗಲ್ಲ. ಶಿಟ್ಜುವಿನ ಮುಖ್ಯ ತೊಂದರೆ ಮುಖದಲ್ಲೇ ಇದೆ.

ಕಣ್ಣು ಮೊದಲು. ಗುಳಿ ಆಳ ಇಲ್ಲ, ಕಣ್ಣು ಮುಂದಕ್ಕಿದೆ. ನಿಮ್ಮ 4 ವರ್ಷದ ಮಗಳ ಬೆರಳು, ಆಟದ ಸಾಮಾನು, ನಾಯಿಯ ಮೂಗಿನ ಮೇಲಿನ ಕೂದಲು, ಏನು ತಾಗಿದರೂ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಗೀರುತ್ತದೆ. ಒಂದು ಕಣ್ಣು ಮಾತ್ರ ಕಿರಿದು ಮಾಡಿ ನೀರು ಸುರಿಸುತ್ತಿದ್ದರೆ, ಬೆಳಕಿಗೆ ಮುಖ ತಿರುಗಿಸಿದರೆ, ಅದೇ ದಿನ ತೋರಿಸಿ. ಹುಣ್ಣು ಒಂದೆರಡು ದಿನದಲ್ಲಿ ಆಳಕ್ಕಿಳಿಯುತ್ತದೆ. ಮನೆಯಲ್ಲಿ ಉಳಿದಿರುವ ಕಣ್ಣಿನ ಹನಿ ಹಾಕಬೇಡಿ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಹುಣ್ಣು ಮಾಯುವ ಬದಲು ಕಾರ್ನಿಯಾ ಕರಗುತ್ತದೆ. ಕುತ್ತಿಗೆಯ ಚರ್ಮ ಹಿಡಿದು ಎತ್ತುವುದು, ಜೋರಾದ ಪೆಟ್ಟು, ಇದರಿಂದ ಕಣ್ಣುಗುಡ್ಡೆ ಹೊರಕ್ಕೇ ಬರಬಹುದು. ಬಂದರೆ ಒಳಗೆ ಒತ್ತಬೇಡಿ, ಸಲೈನ್‌ನಲ್ಲಿ ನೆನೆಸಿದ ಬಟ್ಟೆ ಮುಚ್ಚಿ ಕೂಡಲೇ ಆಸ್ಪತ್ರೆಗೆ ಹೋಗಿ. ದಿನಾ ಬೆಳಿಗ್ಗೆ ಗೀಜು ಒರೆಸಿ, ಎರಡು ಕಣ್ಣಿಗೆ ಬೇರೆ ಬೇರೆ ಹತ್ತಿ.

ಎರಡನೆಯದು ಸೆಕೆ. ಮೂತಿ ಗಿಡ್ಡವಾದ್ದರಿಂದ ಏದುಸಿರಿನಿಂದ ಮೈ ತಣಿಸಿಕೊಳ್ಳುವುದು ಕಷ್ಟ. ಬೇಸಿಗೆಯಲ್ಲಿ ವಾಕಿಂಗ್ ಬೆಳಗಿನ ಜಾವ ಮತ್ತು ಕತ್ತಲಾದ ಮೇಲೆ. ಉಸಿರಿನ ಸದ್ದು ಗೊರಗೊರ ಆಗಿ, ನಾಲಿಗೆ ಕೆಂಪೇರಿ, ಜೊಲ್ಲು ಅಂಟಂಟಾದರೆ ಮೊದಲು ಮೈಮೇಲೆ ನಲ್ಲಿ ನೀರು ಸುರಿದು ಫ್ಯಾನ್ ಹಾಕಿ, ಆಮೇಲೆ ಆಸ್ಪತ್ರೆ. ತಣಿಸದೆ ಕಾರಿನಲ್ಲಿ ಕೂರಿಸಿಕೊಂಡು ಓಡಿದರೆ ದಾರಿಯಲ್ಲೇ ಕೈಮೀರುತ್ತದೆ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಶಾಖ ಒಳಗೇ ಉಳಿಯುತ್ತದೆ.

ಮೂರನೆಯದು ಹಲ್ಲು. ಸಣ್ಣ ದವಡೆಯಲ್ಲಿ 42 ಹಲ್ಲು ಒತ್ತೊತ್ತಾಗಿ ಕೂರಬೇಕು. ಏಳೆಂಟು ತಿಂಗಳಾದರೂ ಹಾಲುಹಲ್ಲು ಬಿದ್ದಿಲ್ಲದಿದ್ದರೆ ತೆಗೆಸಬೇಕಾಗುತ್ತದೆ. ನಾಯಿಯ ಟೂತ್‌ಪೇಸ್ಟ್‌ನಲ್ಲಿ ದಿನಾ ಉಜ್ಜಿ. ನಮ್ಮದು ಬೇಡ, ಕೆಲವದರಲ್ಲಿ ಇರುವ ಕ್ಸೈಲಿಟಾಲ್ ನಾಯಿಗೆ ವಿಷ.

ಮಕ್ಕಳ ವಿಚಾರ. ಒರಟು ಪ್ರೀತಿಯನ್ನು ಕ್ಯಾವಲಿಯರ್ ಹೆಚ್ಚು ಸಹಿಸುತ್ತದೆ, ಎತ್ತರವೂ ತುಸು ಜಾಸ್ತಿ. ಸಹಿಸುತ್ತದೆ ಅನ್ನುವುದೇ ಅದರ ಅಪಾಯ. ನೋವಾದರೂ ಗುರ್ ಅನ್ನದೆ ಸುಮ್ಮನಿರುತ್ತದೆ. ಶಿಟ್ಜು ಬೇಸರವಾದರೆ ಎದ್ದು ಹೋಗುತ್ತದೆ, ಹೋಗಲು ಜಾಗ ಕೊಡಿ. ಯಾವುದೇ ತಂದರೂ ಮಗಳು ನಿಂತುಕೊಂಡು ನಾಯಿಯನ್ನು ಎತ್ತಬಾರದು: ನೆಲದ ಮೇಲೆ ಕೂತರೆ ಮಾತ್ರ ಮಡಿಲಿಗೆ ನಾಯಿ. ಮಲಗಿದ್ದಾಗ, ತಿನ್ನುವಾಗ ಮುಟ್ಟಬಾರದು. ದೊಡ್ಡವರಿಲ್ಲದೆ ಇಬ್ಬರನ್ನೇ ಬಿಡಬಾರದು.

ಮನೆಯಲ್ಲಿ ಉಚ್ಚೆ ಮಾಡದ ಹಾಗೆ ಕಲಿಸುವುದರಲ್ಲಿ ಶಿಟ್ಜು ನಿಧಾನಿ. ಮರಿ ಎಷ್ಟು ತಿಂಗಳದ್ದೋ ಅದಕ್ಕೆ ಒಂದು ಸೇರಿಸಿ, ಹಗಲಲ್ಲಿ ಹೆಚ್ಚೆಂದರೆ ಅಷ್ಟು ಗಂಟೆ ತಡೆಯುತ್ತದೆ. ಎರಡು ತಿಂಗಳ ಮರಿ ಮೂರು ಗಂಟೆ, ಅದೂ ಮಲಗಿದ್ದರೆ. ನಿದ್ದೆ ಎದ್ದಾಗ, ಉಂಡಾದ ಮೇಲೆ, ಆಟ ನಿಂತಾಗ ಕರೆದೊಯ್ಯಲೇಬೇಕು. ದಿನಕ್ಕೆ ಎಂಟು ಹತ್ತು ಸಲ ಮೂರು ಮಹಡಿ ಇಳಿಸುವವರು ಯಾರು? ನಿಮ್ಮ ಅತ್ತೆಯವರಾ? ನನ್ನ ಸಲಹೆ: ಮರಿ ಬೇಡ. ಎರಡು ಮೂರು ವರ್ಷದ, ಕಲಿತ, ಮಕ್ಕಳ ಜೊತೆ ಇದ್ದು ಗೊತ್ತಿರುವ ಶಿಟ್ಜು ನೋಡಿ.

ಎಡಕವಾಟ:

ಮರಿ ಬೇಡ, ಬೆಳೆದ ನಾಯಿ ಅನ್ನುವ ವಿಚಾರದಲ್ಲಿ ಪೂರ್ತಿ ಒಪ್ಪಿಗೆ. ಕ್ಯಾವಲಿಯರ್‌ಗೂ ಅದೇ ಮಾತು ಹೆಚ್ಚು ಸಲ್ಲುತ್ತದೆ: ಐದು ವರ್ಷದ ನಾಯಿಗೆ ಮರ್ಮರ್ ಇಲ್ಲ ಅನ್ನುವುದು, ಮರಿಯ ಬಗ್ಗೆ ಯಾರೂ ಕೊಡಲಾಗದ ಭರವಸೆ.

ಹಂಚಿನಮನೆ:

ಎಲ್ಲರಿಗೂ ಧನ್ಯವಾದ. ಹಗಲು ಎಂಟು ಹತ್ತು ಸಲ ಇಳಿಸುವುದು ಅತ್ತೆಯಿಂದ ಆಗದು, ಹಾಗಾಗಿ ಬೆಳೆದ ನಾಯಿ ಅನ್ನುವುದು ಸರಿ ಕಾಣುತ್ತಿದೆ. ಕಾಗದ ಪತ್ರ ಇರುವ ಕ್ಯಾವಲಿಯರ್ ನಮಗೆ ಸಿಗುತ್ತಲೂ ಇಲ್ಲ. ಶಿಟ್ಜು ಕಡೆ ವಾಲಿದ್ದೇವೆ. ಮಗನ ಸೀನಿಗೆ ಶಿಟ್ಜು ಒಳ್ಳೆಯದಲ್ಲವೇ? ಬೆಳೆದ ನಾಯಿ ನೋಡಲು ಹೋದಾಗ ಏನು ಪರೀಕ್ಷಿಸಬೇಕು? ಊಟ ಎಷ್ಟು? ಅತ್ತೆ ಬಾಚುವ ಕೆಲಸ ತಾವೇ ಮಾಡುತ್ತೇವೆ ಅನ್ನುತ್ತಿದ್ದಾರೆ, ಬಗ್ಗದೆ ಸಾಧ್ಯವೇ?

ಕೂತ್ಕೋ_ಇರು:

ಸೀನಿನ ವಿಚಾರ: ಅಲರ್ಜಿ ಬರಿಸುವುದು ಕೂದಲಲ್ಲ, ಜೊಲ್ಲಿನಲ್ಲೂ ಚರ್ಮದ ಹೊಟ್ಟಿನಲ್ಲೂ ಇರುವ ಕ್ಯಾನ್ ಎಫ್ 1ನಂಥ ಪ್ರೋಟೀನ್‌ಗಳು. ಅಲರ್ಜಿ ತಾರದವು ಎಂದು ಹೆಸರಾದ ಕೆಲವು ಜಾತಿಗಳ ಕೂದಲಲ್ಲಿ ಆ ಪ್ರೋಟೀನ್ ಬೇರೆ ನಾಯಿಗಳಿಗಿಂತ ಹೆಚ್ಚೇ ಇತ್ತು ಅಂತ 2012ರ ನೆದರ್ಲೆಂಡ್ಸ್ ಅಧ್ಯಯನವೊಂದು ಕಂಡುಕೊಂಡಿತು. ಜಾತಿ ನಂಬಬೇಡಿ. ಮಗನಿಗೆ ಅಲರ್ಜಿ ಪರೀಕ್ಷೆ ಮಾಡಿಸಿ. ಆಮೇಲೆ ತರಬೇಕೆಂದಿರುವ ಅದೇ ನಾಯಿಯ ಜೊತೆ, ಅದಿರುವ ಮನೆಯಲ್ಲಿ, ಬೇರೆ ಬೇರೆ ದಿನ ಗಂಟೆಗಟ್ಟಲೆ ಕೂರಿಸಿ ನೋಡಿ. ಧೂಳಿನ ಹುಳಕ್ಕೆ ಮಾತ್ರ ಸೀನುವವನಾದರೆ ನಾಯಿಯನ್ನು ತಡೆದುಕೊಂಡಾನು.

ನೋಡಲು ಹೋದಾಗ ಮೂಗಿನ ಹೊಳ್ಳೆಯಿಂದ ಶುರು ಮಾಡಿ. ತೆರೆದಿರಬೇಕು, ಗೀಟು ಎಳೆದ ಹಾಗೆ ಮುಚ್ಚಿದ್ದು, ಉಸಿರೆಳೆದಾಗ ಒಳಕ್ಕೆ ಸೆಳೆದುಕೊಂಡರೆ ಬೇಡ. ಐದು ನಿಮಿಷ ಚುರುಕಾಗಿ ನಡೆಸಿ, ಆಮೇಲೆ ಕಿವಿಗೊಟ್ಟು ಕೇಳಿ. ಎಚ್ಚರವಿದ್ದಾಗ ಗೊರಕೆ ಸದ್ದು ಬರಬಾರದು. ಕಣ್ಣಲ್ಲಿ ಬಿಳಿ ಮಚ್ಚೆ, ಕಂದು ಬಣ್ಣ ಹರಡಿದ್ದು, ಅಂಟು ಗೀಜು ಇದೆಯೇ ನೋಡಿ. ಕಣ್ಣೀರು ಎಷ್ಟಿದೆ ಅಂತ ವೈದ್ಯರು ಒಂದು ಕಾಗದದ ಪಟ್ಟಿಯಲ್ಲಿ ಅಳೆಯುತ್ತಾರೆ, ಕೇಳಿ ಮಾಡಿಸಿ. ಓಡುವಾಗ ಹಿಂಗಾಲು ಒಂದೆರಡು ಹೆಜ್ಜೆ ಎತ್ತಿ ಕುಪ್ಪಳಿಸಿದರೆ ಮಂಡಿಚಿಪ್ಪು ಜಾರುತ್ತಿದೆ. ಮೂತ್ರಪಿಂಡದ ಹುಟ್ಟುದೋಷ ಈ ಜಾತಿಯಲ್ಲಿ ಇರುವುದರಿಂದ ರಕ್ತ, ಮೂತ್ರ ಪರೀಕ್ಷೆ ತಪ್ಪಿಸಬೇಡಿ. "ಟೀಕಪ್", "ಇಂಪೀರಿಯಲ್" ಅಂತ ಯಾರಾದರೂ ಅಂದರೆ ಎದ್ದು ಬನ್ನಿ. ಅಂಥ ಜಾತಿಯೇ ಇಲ್ಲ, ಬೆಳೆಯದ ನಾಯಿಗೆ ಇಟ್ಟ ಹೆಸರು.

ಊಟ: 6 ಕೆಜಿ ತೂಗುವ, ಸಂತಾನಹರಣ ಆದ ನಾಯಿಗೆ ದಿನಕ್ಕೆ ಸುಮಾರು 370–430 ಕಿಲೋ ಕ್ಯಾಲೊರಿ. ಒಣ ಆಹಾರದಲ್ಲಿ 100 ಗ್ರಾಮಿಗೆ ಸಾಮಾನ್ಯವಾಗಿ 350–400 ಇರುತ್ತದೆ, ಅಂದರೆ ಸುಮಾರು 100–110 ಗ್ರಾಮು, ಎರಡು ಹೊತ್ತಿಗೆ. ಕಪ್ಪಿನಲ್ಲಿ ಅಳೆಯಬೇಡಿ, ತಕ್ಕಡಿ ಇಡಿ. ಮೇಲ್ತಿಂಡಿ ಇದರ ಹತ್ತರಲ್ಲೊಂದು ಭಾಗ ದಾಟಬಾರದು, ಮತ್ತು ಅದು ಈ ಲೆಕ್ಕದೊಳಗೇ ಬರಬೇಕು. ಮನೆಯಲ್ಲಿ ಐದು ಜನ ಇದ್ದಾಗ ಐದೂ ಜನ ಒಂದೊಂದು ಬಿಸ್ಕತ್ತು ಕೊಡುವುದೇ ನಾಯಿ ದಪ್ಪಗಾಗುವ ದಾರಿ. ಬೆಳಿಗ್ಗೆ ಒಂದು ಡಬ್ಬಿಗೆ ದಿನದ ಪಾಲು ಹಾಕಿ. ಡಬ್ಬಿ ಖಾಲಿಯಾದರೆ ಅವತ್ತಿಗೆ ಮುಗಿಯಿತು. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಕೈಯಾಡಿಸಿದರೆ ಸಿಗಬೇಕು. ಶಿಟ್ಜುವಿಗೆ ಕೂದಲೊಳಗೆ ಕೈ ಹಾಕಿಯೇ ನೋಡಬೇಕು.

ಉಕ್ಕಿನ ಬಾಚಣಿಗೆ:

ಅತ್ತೆಯವರಿಂದ ಖಂಡಿತ ಆಗುತ್ತದೆ, ನಾಯಿಯನ್ನು ಅವರ ಎತ್ತರಕ್ಕೆ ತನ್ನಿ. ಅವರು ಕುರ್ಚಿಯಲ್ಲಿ ಕೂತಾಗ ಮೊಣಕೈ ಮಟ್ಟಕ್ಕೆ ಬರುವ, ಅಲುಗಾಡದ ಮೇಜು, ಮೇಲೆ ಜಾರದ ರಬ್ಬರ್ ಮ್ಯಾಟ್. ಎತ್ತಿ ಇಡುವುದು, ಇಳಿಸುವುದು ನಿಮ್ಮ ಕೆಲಸ: ಒಂದು ಕೈ ಎದೆಯಡಿ, ಒಂದು ಕೈ ಹಿಂಭಾಗದಡಿ, ಬೆನ್ನು ನೇರ. ಉದ್ದ ಬೆನ್ನಿನ ನಾಯಿ, ಮೇಜಿಂದ ಹಾರಲು ಬಿಟ್ಟರೆ ಬೆನ್ನಿನ ಡಿಸ್ಕ್‌ಗೆ ಪೆಟ್ಟು. ಹಾಗಾಗಿ ಬಾಚುವ ಹೊತ್ತು ನೀವು ಮನೆಯಲ್ಲಿರುವ ಹೊತ್ತೇ ಆಗಿರಲಿ, ಮತ್ತು ಫೋನ್ ಬಂತು ಅಂತ ನಾಯಿಯನ್ನು ಮೇಜಿನ ಮೇಲೆ ಬಿಟ್ಟು ಯಾರೂ ಏಳಬಾರದು.

ಮೊದಲ ವಾರ ಬಾಚಣಿಗೆ ಮುಟ್ಟಿಸಿ ಒಂದು ತುಣುಕು ತಿಂಡಿ, ಎರಡು ನಿಮಿಷಕ್ಕೆ ಇಳಿಸಿ. ಕಾಲು, ಮುಖ ಕೊನೆಗೆ ಕಲಿಸಿ, ಅಲ್ಲೇ ಹೆಚ್ಚು ಕೊಸರಾಡುವುದು. ಗಲ್ಲದ ಕೂದಲನ್ನು ಹಗುರಾಗಿ ಹಿಡಿದುಕೊಂಡರೆ ತಲೆ ಅಲುಗದು, ಬಾಚಣಿಗೆಯ ಹಲ್ಲು ಕಣ್ಣಿಗೆ ತಾಗುವ ಭಯ ಇರದು. ಉಗುರು ಮೂರು ನಾಲ್ಕು ವಾರಕ್ಕೊಮ್ಮೆ ತುದಿ ಮಾತ್ರ; ಮುಂಗಾಲಿನ ಒಳಬದಿಯ ಐದನೇ ಉಗುರು ಕೂದಲಲ್ಲಿ ಮುಚ್ಚಿಹೋಗಿ ಸುತ್ತಿಕೊಂಡು ಚರ್ಮಕ್ಕೆ ಚುಚ್ಚುತ್ತದೆ, ಅದನ್ನು ಪ್ರತಿ ಸಲ ಬೆರಳಲ್ಲಿ ಹುಡುಕಲು ಅತ್ತೆಯವರಿಗೆ ಹೇಳಿ.